ಕಲ್ಲು ತಟ್ಟಿದವರು, ಕೆರೆ ಕಟ್ಟಿದವರು



ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ನೀವು ಹೋಗಿದ್ದೀರಾ? ಹೋಗಿಲ್ಲವಾದರೆ ಒಮ್ಮೆ ಹೋಗಿ ಬನ್ನಿ. ದೇವರ ವಿಗ್ರಹ ಕಡೆಯುವವರ ಊರು ಅದು. ಬೀದಿಗೆ ಕಾಲಿಡುವಾಗಲೇ ಉಳಿ ಸುತ್ತಿಗೆಯ ಸದ್ದು ಕಿವಿಗೆ ಬೀಳುತ್ತದೆ. ಈಗೀಗ ಅದರ ಜೊತೆಗೆ ಕಲ್ಲು ಕೊಯ್ಯುವ ಯಂತ್ರದ ಕಿರ್ರೆಂಬ ಸದ್ದೂ ಸೇರಿದೆ. ಮನೆ ಮುಂದೆ, ಚಪ್ಪರದ ಕೆಳಗೆ, ಅರ್ಧ ಮೂಡಿದ ಗಣಪತಿ, ಮುಖವಿನ್ನೂ ಬಾರದ ಆಂಜನೇಯ, ಹೀಗೆ ಕಲ್ಲಿನೊಳಗಿಂದ ಎದ್ದು ಬರುತ್ತಿರುವ ದೇವರುಗಳು ಸಾಲಾಗಿ ಕಾಣುತ್ತಾರೆ.

ಶಿಲ್ಪಿಯ ಕೆಲಸದಲ್ಲಿ ಎರಡು ಭಾಗ ಇದೆ. ಒಂದು ಅಳತೆ. ಮುಖದ ಉದ್ದವನ್ನು ಒಂದು ತಾಳ ಎಂದು ಇಟ್ಟುಕೊಂಡು, ಯಾವ ಮೂರ್ತಿಗೆ ಒಂಬತ್ತು ತಾಳ, ಯಾವುದಕ್ಕೆ ಹತ್ತು ತಾಳ ಎಂದು ಶಾಸ್ತ್ರದಲ್ಲಿ ಬರೆದಿಟ್ಟಿದ್ದಾರೆ. ಈ ಲೆಕ್ಕ ಶಿವಾರಪಟ್ಟಣದಲ್ಲೂ ಅದೇ, ಕಾರ್ಕಳದಲ್ಲೂ ಅದೇ, ಕಡಲಾಚೆ ಹೋದರೂ ಅದೇ. ಇನ್ನೊಂದು ಭಾಗ ಕಲ್ಲನ್ನು ತಟ್ಟಿ ನೋಡುವುದು. ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟು ಕೇಳುತ್ತಾರೆ. ಗಂಟೆಯ ಹಾಗೆ ದನಿ ಬಂದರೆ ಒಂದು ಜಾತಿ, ಮಂದವಾಗಿ ಬಂದರೆ ಇನ್ನೊಂದು, ದನಿಯೇ ಇಲ್ಲದೆ ಬೊದ್ದೆಂದರೆ ಒಳಗೆಲ್ಲೋ ಬಿರುಕಿದೆ ಎಂದು ಅರ್ಥ. ಈ ವಿದ್ಯೆಗೂ ಶಾಸ್ತ್ರದಲ್ಲಿ ಹೆಸರುಗಳಿವೆ, ನಿಜ. ಆದರೆ ಹೆಸರು ಓದಿದವನಿಗೆ ದನಿ ಕೇಳಿಸುವುದಿಲ್ಲ. ಹತ್ತು ಕಲ್ಲು ಕೆಡಿಸಿದವನಿಗೆ ಕೇಳಿಸುತ್ತದೆ.

ಬೇಸಾಯದ ಪುಸ್ತಕದಲ್ಲಿ ಶಿಲ್ಪದ ಮಾತೇಕೆ ಸ್ವಾಮಿ, ಎಂದು ನೀವು ಕೇಳಬಹುದು. ಕಾರಣ ಇದೆ. ಒಂದು ಊರಿನ ಕಷ್ಟ ಬೇರೆ, ಸಾವಿರ ಊರಿಗೆ ಒಟ್ಟಿಗೇ ಬಂದ ಕಷ್ಟ ಬೇರೆ. ಸಾವಿರ ಊರಿನ ಕಷ್ಟ ತೀರಿಸಲು ಹೊರಟವರು ಎಲ್ಲ ಕಾಲಕ್ಕೂ ಒಂದು ಅಳತೆಯನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ. ಈಗ ಅದನ್ನು ಯೋಜನೆ ಅನ್ನುತ್ತೇವೆ. ಅಳತೆ ಇಲ್ಲದೆ ಕೆಲಸ ಹಬ್ಬುವುದಿಲ್ಲ. ಆದರೆ ಆ ಊರಿನ ಕಲ್ಲನ್ನು ತಟ್ಟಿ ನೋಡಿದವರು ಯಾರು, ಬಂದ ದನಿ ಅವರ ಕಿವಿಗೆ ಎಷ್ಟು ದಿನಕ್ಕೆ ಮುಟ್ಟಿತು ಎಂಬುದರ ಮೇಲೆ ಮೂರ್ತಿ ಮೂಡುವುದೋ ಬಿರಿಯುವುದೋ ನಿಂತಿದೆ. ನಮ್ಮ ಕೋಲಾರದ ನೀರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಸೀಮೆಗೆ ವರ್ಷಪೂರ್ತಿ ಹರಿಯುವ ಹೊಳೆ ಇಲ್ಲ. ಪಾಲಾರ್ ಇದೆ, ಪಿನಾಕಿನಿಗಳಿವೆ. ಆದರೆ ಅವು ಮಳೆ ಬಂದಾಗ ಹೊಳೆ, ಮಿಕ್ಕ ಕಾಲಕ್ಕೆ ಮರಳ ದಾರಿ. ಮಳೆಯೋ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರು, ಅಜ್ಜಂದಿರ ಲೆಕ್ಕದಲ್ಲಿ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಅಂಗುಲ. ಅದೂ ನಾಲ್ಕಾರು ದೊಡ್ಡ ಮಳೆಯಲ್ಲಿ ಸುರಿದು ಹೋಗುವಂಥದ್ದು. ಹಾಗಾಗಿ ಹಿಂದಿನವರು ನೀರನ್ನು ಓಡಲು ಬಿಡದೆ, ಬಿದ್ದಲ್ಲೇ ಹಿಡಿದರು. ಕೋಲಾರವು ಗಂಗರ ಕಾಲಕ್ಕೆ ಕುವಳಾಲಪುರ. ಆ ಕಾಲದ ಶಾಸನಗಳಲ್ಲಿ ಕೆರೆಗೆ ಬಿಟ್ಟ ಭೂಮಿಗೆ ‘ಬಿತ್ತುವಟ್ಟ’ ಎಂಬ ಮಾತು ಬರುತ್ತದೆ. ಕೆರೆ ಕಟ್ಟಿದವನಿಗೆ, ಕಾಪಾಡುವವನಿಗೆ ಕೊಟ್ಟ ಜಮೀನು ‘ಕಟ್ಟುಕೊಡಗಿ’. ಗಮನಿಸಿ ನೋಡಿ, ಕೆರೆ ಕಟ್ಟಿಸಿ ಪುಣ್ಯ ತೆಗೆದುಕೊಂಡು ಸುಮ್ಮನಾಗಲಿಲ್ಲ. ಅದರ ಮುಂದಿನ ದುರಸ್ತಿಗೂ ಅದೇ ಕೆರೆಯ ಕೆಳಗಿನ ಗದ್ದೆಯಿಂದಲೇ ದಾರಿ ಮಾಡಿದರು. ಏರಿ ಒಡೆದರೆ ದುರಸ್ತಿ ಮಾಡಬೇಕಾದವನ ಗದ್ದೆಯೇ ಮೊದಲು ಒಣಗುತ್ತಿತ್ತು!

ಒಡೆಯದೆ ಇರಲಿಲ್ಲ. ಬೇತಮಂಗಲದ ದೊಡ್ಡ ಕೆರೆ ಒಡೆದು, ಹತ್ತನೆಯ ಶತಮಾನದಲ್ಲಿ ನೊಳಂಬರ ಕಾಲಕ್ಕೆ ಮತ್ತೆ ಕಟ್ಟಿಸಿದ ವಿಷಯ ಶಾಸನದಲ್ಲಿದೆ. ಸಾವಿರ ವರ್ಷದ ಮೇಲೆ ಅದೇ ಬೇತಮಂಗಲದ ನೀರು ಕೋಲಾರ ಚಿನ್ನದ ಗಣಿಯ ಬಾಯಾರಿಕೆ ತೀರಿಸಿತು. ಒಡೆದದ್ದನ್ನು ಕಟ್ಟುವಾಗ ಕಲಿತದ್ದೇ ಹೆಚ್ಚು. ಕೋಡಿ ಎಷ್ಟು ಅಗಲ ಬೇಕು, ತೂಬು ಎಲ್ಲಿರಬೇಕು, ಏರಿಯ ಒಳಮೈಗೆ ಕಲ್ಲು ಹೇಗೆ ಹಾಸಬೇಕು, ಇವೆಲ್ಲ ಒಂದೊಂದು ಪ್ರವಾಹ ಕಲಿಸಿದ ಪಾಠ.

ಹಾಗೆ ಕಲಿತದ್ದು ಕಡೆಗೆ ಬರವಣಿಗೆಗೂ ಬಂತು. ನಮ್ಮ ಗಡಿಯಾಚೆ, ಆಂಧ್ರದ ಕಡಪ ಜಿಲ್ಲೆಯಲ್ಲಿ ಪೋರುಮಾಮಿಳ್ಳ ಅಂತ ಊರಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು 1369ರಲ್ಲಿ ಅಲ್ಲೊಂದು ಕೆರೆ ಕಟ್ಟಿಸಿ ಶಾಸನ ಹಾಕಿಸಿದ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಆ ಶಾಸನದ ಹೆಚ್ಚುಗಾರಿಕೆ ಇದಲ್ಲ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಬರುವ ಆರು ದೋಷಗಳನ್ನೂ ಅದರಲ್ಲಿ ಕೆತ್ತಿಸಿದ್ದಾನೆ. ಏರಿಯಲ್ಲಿ ನೀರು ಜಿನುಗುವುದು ದೋಷ. ಚೌಳು ಮಣ್ಣು ದೋಷ. ನೀರು ಕಡಿಮೆಯಿದ್ದು ನೆಲ ದೊಡ್ಡದಾದರೆ ದೋಷ, ನೀರು ಹೆಚ್ಚಿದ್ದು ಅಚ್ಚುಕಟ್ಟು ಸಣ್ಣದಾದರೂ ದೋಷ. ಇವೆಲ್ಲಕ್ಕಿಂತ ನನಗೆ ಮೆಚ್ಚುಗೆಯಾದ ದೋಷ ಇನ್ನೊಂದು: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಕಟ್ಟುವುದು. ಇದನ್ನು ಯಾವ ಪಂಡಿತನೂ ಕೂತು ಯೋಚಿಸಿ ಬರೆದಿರಲಾರ. ಯಾರೋ ಕಟ್ಟಿ, ಜಗಳವಾಗಿ, ತಲೆಗಳು ಉರುಳಿದ ಮೇಲೆ ಕಲ್ಲಿಗೆ ಬಂದ ಮಾತು ಅದು.

ಆ ಆರನ್ನೂ ಹನ್ನೆರಡನ್ನೂ ಕಂಠಪಾಠ ಮಾಡಿಕೊಂಡರೆ ಕೆರೆ ನಡೆಯುತ್ತದೆಯೇ? ಇಲ್ಲ. ನಡೆಸುವವನು ನೀರುಗಂಟಿ. ತೂಬು ಎತ್ತುವವನು, ಯಾವ ಗದ್ದೆಗೆ ಯಾವ ಹೊತ್ತು ನೀರು ಬಿಡಬೇಕೆಂದು ಬಲ್ಲವನು, ಮಳೆಗಾಲದ ನಡುರಾತ್ರಿ ಲಾಟೀನು ಹಿಡಿದು ಏರಿ ಮೇಲೆ ನಡೆದು ಎಲ್ಲಿ ಜಿನುಗುತ್ತಿದೆ ಎಂದು ನೋಡುವವನು. ನೀರು ಕಡಿಮೆ ಬಂದ ವರ್ಷ ನಮ್ಮ ಕಡೆಯ ಕೆರೆಗಳಲ್ಲಿ ‘ದಾಮಾಷಾ’ ಎಂಬ ಪದ್ಧತಿ ಇತ್ತು. ಅಚ್ಚುಕಟ್ಟಿಗೆಲ್ಲ ನೀರು ಸಾಲದು ಎಂದು ಕಂಡಾಗ, ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ಆ ವರ್ಷ ನಾಟಿಗೆ ಇಟ್ಟುಕೊಂಡು, ಅದನ್ನೇ ಎಲ್ಲ ಹಿಡುವಳಿದಾರರಿಗೂ ಅವರವರ ಪಾಲಿನ ಪ್ರಕಾರ ಹಂಚಿಕೊಡುವುದು. ತೂಬಿನ ಬುಡದಲ್ಲಿ ಗದ್ದೆ ಇದ್ದವನು ಆ ವರ್ಷ ತನ್ನ ನೆಲದಲ್ಲಿ ಕೊನೆಯ ಗದ್ದೆಯವನಿಗೂ ಜಾಗ ಬಿಡಬೇಕು. ಸುಲಭವಾಗಿ ಬಂದ ಏರ್ಪಾಡಲ್ಲ ಇದು. ಎಷ್ಟು ಪಂಚಾಯಿತಿ, ಎಷ್ಟು ಬೈದಾಟ ಆಗಿ ಇಲ್ಲಿಗೆ ಮುಟ್ಟಿದರೋ!

ಹಾಗೆಂದು ಹಳೆಯದೆಲ್ಲ ಬಂಗಾರ ಎಂದು ನಾನು ಹೇಳುವವನಲ್ಲ. ನೀರುಗಂಟಿ ಸಾಮಾನ್ಯವಾಗಿ ಊರಾಚೆ ಕೇರಿಯವನು. ಊರಿನ ಬೆಳೆಯೆಲ್ಲ ಅವನ ಕೈಯಲ್ಲಿ, ಆದರೆ ಅವನ ಕೈಯ ನೀರು ಊರಿನವರಿಗೆ ಆಗದು. ಹೂಳೆತ್ತುವ ಬಿಟ್ಟಿ ಯಾರ ಬೆನ್ನ ಮೇಲೆ ಬಿತ್ತು ಎಂದು ಕೇಳಿದರೂ ಉತ್ತರ ಅದೇ ಕೇರಿಗೆ ಹೋಗುತ್ತದೆ. ಕೆರೆಯ ವಿದ್ಯೆಯನ್ನು ಹೊಗಳುವಾಗ ಈ ಮಾತನ್ನು ಬಿಟ್ಟರೆ ಚರಿತ್ರೆ ಸುಳ್ಳಾಗುತ್ತದೆ.

1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜನಿಯರಾಗಿದ್ದ ಸ್ಯಾಂಕಿ ಸಾಹೇಬರು, ಬೆಂಗಳೂರಿನ ಸ್ಯಾಂಕಿ ಕೆರೆ ಅವರ ಹೆಸರಿನದೇ, ಈ ಕೆರೆಗಳನ್ನೆಲ್ಲ ನೋಡಿ ಬೆರಗಾದರು. ಇನ್ನೊಂದು ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಬಲು ಜಾಣತನ ಬೇಕು ಎಂಬರ್ಥದ ಮಾತನ್ನು ಬರೆದಿಟ್ಟರು. ಒಂದು ಕೆರೆಯ ಕೋಡಿ ಹರಿದು ಇನ್ನೊಂದಕ್ಕೆ, ಅದರದು ಮತ್ತೊಂದಕ್ಕೆ, ಹೀಗೆ ಸರಪಳಿ. ಇಷ್ಟು ದೊಡ್ಡ ಕೆಲಸಕ್ಕೆ ಒಬ್ಬ ಯಜಮಾನನಿರಲಿಲ್ಲ, ಒಂದು ನಕ್ಷೆ ಇರಲಿಲ್ಲ ಎನ್ನುವುದೇ ಆಶ್ಚರ್ಯ. ಮೇಲಿನ ಊರಿನ ಕೆರೆ ಒಡೆದರೆ ಕೆಳಗಿನ ಊರಿಗೆ ಅಪಾಯ, ಮೇಲಿನವರು ಕೋಡಿ ಎತ್ತರಿಸಿದರೆ ಕೆಳಗಿನವರಿಗೆ ನೀರಿಲ್ಲ. ಆದ್ದರಿಂದ ಪ್ರತಿ ಊರೂ ಪಕ್ಕದೂರಿನ ಮೇಲೆ ಕಣ್ಣಿಟ್ಟೇ ಇತ್ತು. ತಪ್ಪು ಮಾಡಿದ ಸುದ್ದಿ ಅದೇ ಮಳೆಗಾಲದಲ್ಲಿ ಬಾಗಿಲಿಗೆ ಬರುತ್ತಿತ್ತು.

ಆಮೇಲಿನ ಕಾಲ ಕಾಗದದ ಕಾಲ. 1892ರಲ್ಲಿ ಮದರಾಸು ಸರ್ಕಾರಕ್ಕೂ ಮೈಸೂರು ಸಂಸ್ಥಾನಕ್ಕೂ ಒಪ್ಪಂದವಾಯಿತು. ಪಾಲಾರ್, ಪಿನಾಕಿನಿ ಮೊದಲಾದ ನದಿಗಳ ಮೇಲೆ ಮದರಾಸಿನ ಸಮ್ಮತಿ ಇಲ್ಲದೆ ಮೈಸೂರಿನವರು ಹೊಸ ನೀರಾವರಿ ಕೆಲಸ ಮಾಡುವಂತಿಲ್ಲ. ಪೋರುಮಾಮಿಳ್ಳದ ಕಲ್ಲು ಹೇಳಿದ ಗಡಿದೋಷ ಐನೂರು ವರ್ಷದ ಮೇಲೆ ನಮ್ಮ ತಲೆಗೇ ಸುತ್ತಿಕೊಂಡಿತು, ನೋಡಿ. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳಿಗಾಗಿ ಒಂದು ಕಾನೂನನ್ನೂ ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ 1961ರಲ್ಲಿ ವಂಶಪಾರಂಪರ್ಯದ ಗ್ರಾಮಹುದ್ದೆಗಳನ್ನು ರದ್ದು ಮಾಡಿದರು. ತೋಟಿ, ತಳವಾರ, ನೀರುಗಂಟಿಗಳು ಹುಟ್ಟಿನ ಊಳಿಗದಿಂದ ಬಿಡುಗಡೆಯಾದರು. ಅವರ ಇನಾಂ ಭೂಮಿ ಅವರಿಗೇ ಮರುಮಂಜೂರಾಗುವ ದಾರಿಯೂ ತೆರೆಯಿತು. ಇದು ನ್ಯಾಯವಾದ ಕೆಲಸ, ಇನ್ನೂ ಮೊದಲೇ ಆಗಬೇಕಿತ್ತು. ಆದರೆ ರಾತ್ರಿ ಲಾಟೀನು ಹಿಡಿದು ಏರಿ ಮೇಲೆ ನಡೆಯುವ ಕೆಲಸವನ್ನು ಇನ್ನು ಮುಂದೆ ಸಂಬಳ ಕೊಟ್ಟು ಯಾರಿಂದ ಮಾಡಿಸಬೇಕು ಎಂಬ ಪ್ರಶ್ನೆಗೆ ಹೆಚ್ಚಿನ ಊರುಗಳಲ್ಲಿ ಯಾರೂ ಉತ್ತರ ಬರೆಯಲಿಲ್ಲ. ಕೆರೆ ಇಲಾಖೆಯದಾಯಿತು. ಊರಿನವರು ‘ಸರ್ಕಾರದ ಕೆರೆ’ ಅನ್ನತೊಡಗಿದರು. ಪೋಷಕ ಕಾಲುವೆಗಳು ಮುಚ್ಚಿದವು, ಅಂಗಳದಲ್ಲಿ ಜಾಲಿ ಬೆಳೆಯಿತು.

ಅಷ್ಟರಲ್ಲಿ ಕೊಳವೆಬಾವಿ ಬಂತು. ಬೋರ್‌ವೆಲ್ ಎಂದರೇನೇ ನಮ್ಮವರಿಗೆ ಬೇಗ ಅರ್ಥವಾಗುವುದು. ಏತ, ಕಪಿಲೆ ಹೊಡೆದ ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು. ನೂರಡಿ ಇದ್ದದ್ದು ಮುನ್ನೂರು, ಮುನ್ನೂರು ಹೋಗಿ ಸಾವಿರ, ಈಗ ಸಾವಿರವನ್ನೂ ದಾಟಿದ್ದೇವೆ. ಆಳಕ್ಕೆ ಹೋದಷ್ಟೂ ಫ್ಲೋರೈಡಿನ ಕಾಟ. ಮಕ್ಕಳ ಹಲ್ಲು ನೋಡಿದರೆ ಸಾಕು. ಜಿಲ್ಲೆಯ ಅಂತರ್ಜಲವನ್ನು ಮಿತಿಮೀರಿ ತೆಗೆಯಲಾಗಿದೆ ಎಂದು ಸರ್ಕಾರದ ಲೆಕ್ಕವೇ ಹೇಳಿತು. ಇಲ್ಲಿ ಯಾರನ್ನೂ ದಡ್ಡರು ಎನ್ನುವ ಹಾಗಿಲ್ಲ. ಒಬ್ಬೊಬ್ಬ ರೈತನೂ ತನ್ನ ಮಟ್ಟಿಗೆ ಸರಿಯಾದ ಲೆಕ್ಕವನ್ನೇ ಹಾಕಿದ: ಪಕ್ಕದವನು ಕೊರೆಸಿದ್ದಾನೆ, ನಾನು ಕೊರೆಸದಿದ್ದರೆ ನನ್ನ ಪಾಲೂ ಅವನಿಗೇ. ಕೆರೆಯಲ್ಲಿ ನೀರು ಇಳಿಯುವುದನ್ನು ಊರೆಲ್ಲ ಕಣ್ಣಾರೆ ನೋಡುತ್ತಿತ್ತು. ನೆಲದೊಳಗೆ ಇಳಿಯುವುದನ್ನು ಯಾರು ನೋಡಿದರು? ಸುದ್ದಿ ಬಾಗಿಲಿಗೆ ಬರುವ ಹೊತ್ತಿಗೆ ಮೂವತ್ತು ವರ್ಷ ಕಳೆದಿತ್ತು, ಸಾಲ ಬೆಟ್ಟವಾಗಿತ್ತು.

ಇದೇ ಸಮಯಕ್ಕೆ ನೀಲಗಿರಿಯ ಕಥೆ. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂತೆಂದು ಹೇಳುವ ಈ ಮರ, 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಕೈಹಿಡಿದು ಹೊಲಗಳಿಗೆ ಇಳಿಯಿತು. ವಿಶ್ವಬ್ಯಾಂಕಿನ ನೆರವೂ ಇತ್ತು. ಹಳ್ಳಿಯವರಿಗೆ ಸೌದೆ ಸಿಗಲಿ, ಬರಡು ನೆಲ ಹಸುರಾಗಲಿ ಎಂಬ ಉದ್ದೇಶ, ಕೆಟ್ಟ ಉದ್ದೇಶವಲ್ಲ. ರಾಗಿ ಬೆಳೆದು ಸೋತವನಿಗೆ ಕೂಲಿಯಾಳು ಬೇಡದ, ದನ ಮೇಯದ, ಕಡಿದರೆ ಮತ್ತೆ ಚಿಗುರುವ ಬೆಳೆ ಸಿಕ್ಕಿತು. ಕೋಲಾರ, ಮಾಲೂರು ಕಡೆ ರಾಗಿ ಹೊಲಗಳು ನೀಲಗಿರಿ ತೋಪಾದವು. ಬೇಡವೆಂದವರೂ ಇದ್ದರು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಸರ್ಕಾರದ ಸಸಿಮಡಿಗೆ ಹೋಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿಬಂದರು. ಒಬ್ಬರು ಇದು ನೀರು ಕುಡಿಯುವ ರಾಕ್ಷಸ ಅಂದರು, ಇನ್ನೊಬ್ಬರು ಎಲ್ಲ ಮರದ ಹಾಗೆ ಇದೂ ಒಂದು ಮರ ಅಂದರು. ಜಗಳ ವರ್ಷಗಟ್ಟಲೆ ನಡೆಯಿತು.

ಕಡೆಗೆ ಅಳೆದು ನೋಡಿದರು. ಮಾಲೂರಿಗೆ ತಾಗಿದ ಹೊಸಕೋಟೆಯಲ್ಲಿ ನಡೆದ ಅಳತೆಯ ಫಲ 1997ರಲ್ಲಿ ಅಚ್ಚಾಯಿತು. ಮೂರು ವರ್ಷದಲ್ಲಿ ಅಲ್ಲಿ ಬಿದ್ದ ಮಳೆ ಸುಮಾರು 2,100 ಮಿಲಿಮೀಟರು. ಆಳವಾದ ಮಣ್ಣಿನ ತೋಪಿನ ಮರಗಳು ಬಳಸಿದ ನೀರು ಸುಮಾರು 3,400 ಮಿಲಿಮೀಟರು. ಮಿಕ್ಕದ್ದು ಎಲ್ಲಿಂದ ಬಂತು? ಎಂಟು ಮೀಟರಿಗೂ ಕೆಳಗೆ ಬೇರು ಇಳಿಸಿ, ಹಿಂದಿನ ವರ್ಷಗಳ ಮಳೆ ಮಣ್ಣಿನಲ್ಲಿ ಉಳಿಸಿದ್ದ ತೇವವನ್ನು ಹೀರಿದ್ದವು. ಅದೇ ಸಂಶೋಧಕರು ಮಣ್ಣಿನ ಆಳ ಕಡಿಮೆ ಇರುವ ಬೇರೆ ಕಡೆಯಲ್ಲಿ ಅಳೆದಾಗ, ನೀಲಗಿರಿ ನಾಡಕಾಡಿಗಿಂತ ಹೆಚ್ಚು ಕುಡಿದಿರಲಿಲ್ಲ. ಹಾಗಾದರೆ ಎರಡೂ ಕಡೆಯವರ ಮಾತಿನಲ್ಲಿ ಸತ್ಯ ಇತ್ತು, ಮಣ್ಣು ಬೇರೆ ಬೇರೆ ಇತ್ತು ಅಷ್ಟೆ. ನರ್ಸರಿಯ ಸಸಿ ಎಲ್ಲರಿಗೂ ಒಂದೇ, ತಟ್ಟಿ ನೋಡಿದವರು ಮಾತ್ರ ಯಾರೂ ಇಲ್ಲ. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಸಸಿ ಇಳಿದ ದಿನಕ್ಕೂ ಈ ಆಜ್ಞೆಗೂ ಮೂವತ್ತು ವರ್ಷಕ್ಕೂ ಮಿಗಿಲಾದ ಅಂತರ.

ಬರೀ ಸೋಲಿನ ಕಥೆಯೇ ಹೇಳುತ್ತಿದ್ದಾನಲ್ಲ ಅಂದುಕೊಳ್ಳಬೇಡಿ. ಇದೇ ಜಿಲ್ಲೆಯಲ್ಲಿ, ಇದೇ ಬರಗಾಲದಲ್ಲಿ, ಇನ್ನೊಂದು ದೊಡ್ಡ ಕೆಲಸ ಹಬ್ಬಿ ನಿಂತಿದೆ. ಬೆಳಗಿನ ಜಾವ ಕ್ಯಾನು ಹಿಡಿದು ನೀವು ಹೋಗುತ್ತೀರಲ್ಲ, ಆ ಡೈರಿ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಎರಡೇ ಹಳ್ಳಿ ಸಂಘಗಳಿಂದ, ದಿನಕ್ಕೆ 250 ಲೀಟರಿಗೂ ಕಡಿಮೆ ಹಾಲಿನಿಂದ ಶುರುವಾದದ್ದು. ನಮ್ಮ ರಾಜ್ಯದಲ್ಲಿ 1974ರಿಂದ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ಮೊದಲಾಗಿ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಕೋಲಾರದ ಹಾಲು ಒಕ್ಕೂಟ ಬೆಂಗಳೂರಿನದರಿಂದ ಬೇರೆಯಾದದ್ದು 1987ರಲ್ಲಿ.

ಇಲ್ಲೂ ಅಳತೆ ಹೊರಗಿನಿಂದಲೇ ಬಂತು, ಅದನ್ನು ‘ಆನಂದ್ ಮಾದರಿ’ ಎಂದರು. ನೀಲಗಿರಿಗೂ ಇದಕ್ಕೂ ವ್ಯತ್ಯಾಸವೇನು? ಒಂದು ಸಂಗತಿ ನೋಡಿ. ಡೈರಿಯಲ್ಲಿ ಹಾಲನ್ನು ದಿನಕ್ಕೆ ಎರಡು ಸಲ ಅಳೆಯುತ್ತಾರೆ, ಲ್ಯಾಕ್ಟೋಮೀಟರ್ ಇಳಿಬಿಡುತ್ತಾರೆ, ಜಿಡ್ಡು ನೋಡುತ್ತಾರೆ, ಚೀಟಿ ಕೊಡುತ್ತಾರೆ. ಹಿಂಡಿ ಬದಲಿಸಿದರೆ ವಾರದಲ್ಲಿ ಚೀಟಿಯಲ್ಲೇ ಕಾಣುತ್ತದೆ. ನೀರು ಬೆರೆಸಿದರೆ ಸಂಜೆಗೇ ಕಾಣುತ್ತದೆ! ಕಾರ್ಯದರ್ಶಿ ಲೆಕ್ಕ ತಪ್ಪಿಸಿದರೆ ಬಟವಾಡೆಯ ದಿನವೇ ಜಗಳ. ವರ್ಷಕ್ಕೆ ಏಳುನೂರು ಸಲಕ್ಕೂ ಹೆಚ್ಚು ಕಲ್ಲು ತಟ್ಟಿದ ಹಾಗಾಯಿತು. ಇನ್ನು ಗುಜರಾತಿನದು ಎಮ್ಮೆಯ ನಾಡು, ನಮ್ಮಲ್ಲಿ ಬೆಳೆದದ್ದು ಮಿಶ್ರತಳಿ ಹಸು. ಎಮ್ಮೆ ಹಾಲಿಗೆ ಜಿಡ್ಡೊಂದನ್ನೇ ನೋಡಿ ಬೆಲೆ ಕಟ್ಟಬಹುದು. ಹಸುವಿನ ಹಾಲಿಗೆ ಹಾಗೆ ಮಾಡಿದರೆ ರೈತನಿಗೆ ನಷ್ಟ, ಜಿಡ್ಡಲ್ಲದ ಘನಪದಾರ್ಥವನ್ನೂ ಲೆಕ್ಕಕ್ಕೆ ತರಬೇಕು. ಮಾದರಿಯನ್ನು ನಮ್ಮ ಕೊಟ್ಟಿಗೆಗೆ ತಿದ್ದಿಕೊಂಡದ್ದು ಹೀಗೆ. ಹಾಲಿನ ಕಾಸು ಹೆಂಗಸರ ಕೈಗೂ ಅಷ್ಟಿಷ್ಟು ಬಂತು, ರಾಗಿ ಬಾರದ ವರ್ಷ ಮನೆ ಉಳಿಸಿತು. ಆದರೆ ಹಸಿಮೇವಿಗೂ ನೀರೇ ಬೇಕಲ್ಲ! ಆ ನೀರು ಬಂದದ್ದು ಅದೇ ಕೊಳವೆಬಾವಿಯಿಂದ. ಡೈರಿಯ ಚೀಟಿಯಲ್ಲಿ ಜಿಡ್ಡು ಕಾಣುತ್ತದೆ, ಅಂತರ್ಜಲ ಕಾಣುವುದಿಲ್ಲ.

ಮತ್ತೆ ಕೆರೆಗೆ ಬರೋಣ. ಬುದ್ಧಿ ಬಂದು 2002ರಲ್ಲಿ ಕೆರೆಗಳನ್ನು ಊರಿನವರ ಕೈಗೇ ಕೊಡಬೇಕೆಂಬ ದೊಡ್ಡ ಯೋಜನೆ ಶುರುವಾಯಿತು. ಜಲಸಂವರ್ಧನೆ ಯೋಜನಾ ಸಂಘದ ಮೂಲಕ, ಮತ್ತೆ ವಿಶ್ವಬ್ಯಾಂಕಿನ ನೆರವಿನಿಂದ. ಕೋಲಾರವೂ ಅದರಲ್ಲಿ ಸೇರಿತ್ತು. ಕೆರೆ ಬಳಕೆದಾರರ ಸಂಘ ಕಟ್ಟಬೇಕು, ಊರಿನವರು ಖರ್ಚಿನಲ್ಲಿ ತಮ್ಮ ಪಾಲು ಹಾಕಬೇಕು, ಆಮೇಲೆ ಹೂಳೆತ್ತುವುದು, ತೂಬು ದುರಸ್ತಿ. ಅಳತೆ ಚೆನ್ನಾಗಿಯೇ ಇತ್ತು. ಆದರೆ ಮೇಲಿನ ಪೋಷಕ ಕಾಲುವೆ ಒತ್ತುವರಿಯಾಗಿ, ಜಲಾನಯನದಲ್ಲಿ ತೋಪು ಎದ್ದು, ಮಳೆಯ ನೀರೇ ಕೆರೆಗೆ ಇಳಿಯದ ಕಡೆ ಚೊಕ್ಕ ಮಾಡಿದ ತೂಬನ್ನು ಎತ್ತುವುದು ಯಾವಾಗ? ನೀರಿಲ್ಲದ ಕೆರೆಯ ಸಂಘ ಸಭೆ ಸೇರಿ ಏನು ಮಾತನಾಡೀತು? ಹಾಲಿನ ಸಂಘಕ್ಕೆ ದಿನಾ ಎರಡು ಸಲ ಕೆಲಸ, ಕೆರೆಯ ಸಂಘಕ್ಕೆ ಕೆರೆ ತುಂಬಿದ ವರ್ಷ ಕೆಲಸ. ಕೈಗೆ ಅಭ್ಯಾಸವೇ ಸಿಗದಿದ್ದರೆ ಉಳಿ ತುಕ್ಕು ಹಿಡಿಯುತ್ತದೆ.

ಆಮೇಲೆ ಬಂದದ್ದು ಕೆ.ಸಿ. ವ್ಯಾಲಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಿಮಾಡಿ, ದಿನಕ್ಕೆ 44 ಕೋಟಿ ಲೀಟರಿನಷ್ಟನ್ನು ಕೊಳವೆಯಲ್ಲಿ ಮೇಲೆತ್ತಿ ತಂದು, ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ಒಂದರಿಂದೊಂದಕ್ಕೆ ಹರಿಸುವ ಯೋಜನೆ. 2018ರ ಜೂನ್ ತಿಂಗಳಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಬಂತು. ವರ್ಷಗಳಿಂದ ಒಣಗಿದ್ದ ಅಂಗಳದಲ್ಲಿ ಅಲೆ ಎದ್ದಾಗ ಕಣ್ಣೀರು ಹಾಕಿದ ಮುದುಕರೂ ಇದ್ದಿರಬೇಕು. ತಿಂಗಳೊಳಗೆ ಬಿಳಿ ನೊರೆಯೂ ಎದ್ದಿತು! ನೀರು ನಿಲ್ಲಿಸಿದರು, ವ್ಯಾಜ್ಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು, ತಡೆ ಬಂತು, ತಡೆ ಸರಿಯಿತು, ಮತ್ತೆ ನೀರು ಹರಿಯಿತು. ನರಸಾಪುರದ ಕೆರೆ ತುಂಬಿತು. ಸುತ್ತಿನ ಬಾವಿಗಳಲ್ಲಿ ನೀರು ಮೇಲೆ ಬಂದದ್ದನ್ನು ಊರಿನವರೂ ಕಂಡರು, ವಿಜ್ಞಾನಿಗಳೂ ಬರೆದರು.

ಹಳೆಯ ಸರಪಳಿ ಕೆರೆಗಳು ಇಲ್ಲದಿದ್ದರೆ ಈ ಹೊಸ ನೀರಿಗೆ ದಾರಿಯೇ ಇರುತ್ತಿರಲಿಲ್ಲ. ಗಂಗರ ಕಾಲದಿಂದ ಕೂಡಿ ಬಂದ ಕೋಡಿಯೇ ಇಂದಿನ ಇಂಜನಿಯರಿಗೆ ಕಾಲುವೆಯಾಯಿತು. ಆದರೆ ನೊರೆಯ ವಿಷಯದಲ್ಲಿ ಒಂದು ಯೋಚನೆ. ನೊರೆ ಕಣ್ಣಿಗೆ ಬಿತ್ತು, ಕೂಡಲೇ ಕೂಗು ಎದ್ದಿತು, ನೀರು ನಿಂತಿತು. ಕಣ್ಣಿಗೆ ಕಾಣದೆ ನೀರಿನಲ್ಲಿ ಉಳಿಯುವ ವಸ್ತುಗಳು ಹಾಗಲ್ಲ. ಅವು ಹತ್ತು ಇಪ್ಪತ್ತು ವರ್ಷ ಹೂಳಿನಲ್ಲಿ, ಬಾವಿಯಲ್ಲಿ ಮೆಲ್ಲಗೆ ಕೂಡುವಂಥವು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಕೋಲಾರದವರು ಒತ್ತಾಯಿಸಿದ್ದು ಅದಕ್ಕೇ. ನೀಲಗಿರಿಯಲ್ಲಿ ಒಮ್ಮೆ ಮೂವತ್ತು ವರ್ಷ ಕಾದು ನೋಡಿದವರು ನಾವು. ಈ ಒತ್ತಾಯವನ್ನು ತಕರಾರು ಎಂದು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ.

ಕಾಣದ್ದನ್ನು ಕಾಣಿಸುವ ಉಪಾಯ ಒಂದನ್ನು ನಮ್ಮ ನೆರೆಯವರೇ ಮಾಡಿ ನೋಡಿದ್ದಾರೆ. ಮುಳಬಾಗಿಲು ದಾಟಿದರೆ ಚಿತ್ತೂರು ಸೀಮೆ. ಅದೇ ಕಲ್ಲುನೆಲ, ಅದೇ ಬರ, ಗಡಿಯ ಎರಡು ಕಡೆಯೂ ತೆಲುಗು ಕನ್ನಡ ಬೆರೆತ ಮಾತು. 2003ರ ನಂತರ ಅನಂತಪುರ, ಚಿತ್ತೂರು, ಕಡಪ ಸೇರಿ ಆಗಿನ ಆಂಧ್ರದ ಏಳು ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ, ರೈತರೇ ಅಂತರ್ಜಲ ಅಳೆಯುವ ಕೆಲಸ ನಡೆಯಿತು. ಮಳೆ ಎಷ್ಟು ಬಿತ್ತು ಎಂದು ಊರಿನವರೇ ಮಾಪಕದಲ್ಲಿ ನೋಡುವುದು. ಗುರುತಿಟ್ಟ ಕೊಳವೆಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ಆಗಾಗ್ಗೆ ಅಳೆದು ಬರೆದಿಡುವುದು. ಹಿಂಗಾರು ಬಿತ್ತನೆಗೆ ಮೊದಲು ಹೆಂಗಸರು ಗಂಡಸರು ಎಲ್ಲ ಸೇರಿ, ಈ ಸಲ ನೆಲದೊಳಗೆ ಇಷ್ಟು ನೀರಿದೆ, ಎಲ್ಲರೂ ಭತ್ತ ಹಾಕಿದರೆ ಇಷ್ಟು ಬೇಕು, ಕಡಲೆಕಾಯಿ ಹಾಕಿದರೆ ಇಷ್ಟು ಸಾಕು ಎಂದು ಲೆಕ್ಕ ಹಾಕುವುದು. ಯಾರಿಗೂ ಭತ್ತ ಹಾಕಬೇಡ ಎಂಬ ಆಜ್ಞೆ ಇಲ್ಲ, ದಂಡ ಇಲ್ಲ. ಲೆಕ್ಕ ಗೋಡೆಯ ಮೇಲಿದೆ, ಓದಿಕೊಂಡು ಮನೆಗೆ ಹೋಗಿ ಅವರವರೇ ತೀರ್ಮಾನ ಮಾಡಬೇಕು. ಎಷ್ಟೋ ಜನ ಬೆಳೆ ಬದಲಿಸಿದರು. ಬದಲಿಸದವರೂ ಇದ್ದರು ಅನ್ನಿ. ಯಾವ ಊರಲ್ಲಿ ಎಲ್ಲರೂ ಒಂದೇ ಮಾತಿಗೆ ಬಂದಿದ್ದಾರೆ?

ಹಳೆಯ ದಾಮಾಷಾಕ್ಕೂ ಇದಕ್ಕೂ ನಂಟು ಕಾಣುತ್ತದೆಯಲ್ಲವೇ? ಅಲ್ಲಿ ಕೆರೆಯ ನೀರನ್ನು ಕಣ್ಣಲ್ಲಿ ನೋಡಿ ಹಂಚಿಕೊಂಡರು. ಇಲ್ಲಿ ಕಾಣದ ನೀರನ್ನು ಹಗ್ಗ ಬಿಟ್ಟು ನೋಡಿದರು.

ಇದಕ್ಕೆ ದೊಡ್ಡ ಸಲಕರಣೆ ಏನೂ ಬೇಕಿಲ್ಲ. ನಿಮ್ಮೂರಲ್ಲಿ ಕಲ್ಲುಕಟ್ಟಡದ ಹಳೆಯ ತೆರೆದ ಬಾವಿಯೊಂದು ಉಳಿದಿದ್ದರೆ ಅದರಿಂದಲೇ ಮೊದಲು ಮಾಡಿ. ಅಡಿಗೊಂದು ಗಂಟು ಹಾಕಿದ ಹಗ್ಗ, ತುದಿಗೊಂದು ಕಲ್ಲು. ಪಂಪು ನಿಂತು ರಾತ್ರಿ ಕಳೆದ ಮೇಲೆ, ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಕಟ್ಟೆಯ ಮೇಲಿಂದ ಇಳಿಬಿಡಿ. ಕಲ್ಲು ನೀರು ಮುಟ್ಟಿದ ಸದ್ದು ಕೇಳಿದಾಗ ಗಂಟು ಎಣಿಸಿ. ತೆರೆದ ಬಾವಿ ಬತ್ತಿದ್ದರೆ, ಕೆಟ್ಟು ಬಿಟ್ಟ ಕೊಳವೆಬಾವಿಯಲ್ಲಿ ಸಣ್ಣ ತೂಕ ಕಟ್ಟಿದ ದಾರ ಇಳಿಸಬಹುದು. ಅಳೆದ ಮೇಲೆ ಅದರ ಬಾಯಿಗೆ ಮುಚ್ಚಳ ಹಾಕುವುದನ್ನು ಮರೆಯಬೇಡಿ, ಮಕ್ಕಳು ಓಡಾಡುವ ಜಾಗ. ಅಮಾವಾಸ್ಯೆಗೊಂದು ಸಲವಾದರೂ ಅಳೆದು, ತಾರೀಖು ಹಾಕಿ, ಡೈರಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿರಿ. ಬೆಳಿಗ್ಗೆ ಸಾಯಂಕಾಲ ಊರೆಲ್ಲ ಕ್ಯಾನು ಹಿಡಿದು ನಿಲ್ಲುವುದು ಆ ಗೋಡೆಯ ಎದುರಿಗೇ ತಾನೇ.